ಒಡೆಯನ ಕೈ ಕಟ್ಟಿದ ಆಸ್ತಿ: ಕ್ಯಾವೆಂಡಿಶ್ ಮನೆತನದ ಕಥೆ

(ಇತಿಹಾಸ ಓದುವ ಗೆಳೆಯರ ಸಣ್ಣ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಜಾಡು ಉಳಿಯಲಿ ಎಂದು ಹೆಚ್ಚು ತಿದ್ದಿಲ್ಲ.)

ಎಲ್ಲರಿಗೂ ನಮಸ್ಕಾರ.

1950ರ ನವೆಂಬರ್ 26. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಈಸ್ಟ್‌ಬೋರ್ನ್ ಊರಿನ ತಮ್ಮ ಬಂಗಲೆಯಲ್ಲಿ ಹತ್ತನೆಯ ಡೆವನ್‌ಶೈರ್ ಡ್ಯೂಕ್ ಎಡ್ವರ್ಡ್ ಕ್ಯಾವೆಂಡಿಶ್ ಕಟ್ಟಿಗೆ ಒಡೆಯುತ್ತಿದ್ದರು. ಬಡತನವೇನಲ್ಲ, ಹವ್ಯಾಸ. ಒಡೆಯುತ್ತಿದ್ದ ಹಾಗೇ ಹೃದಯಾಘಾತವಾಗಿ ತೀರಿಕೊಂಡರು. ವಯಸ್ಸು 55.

ಆ ಕಾಲದ ಬ್ರಿಟಿಷ್ ಕಾನೂನಿನಲ್ಲಿ ಒಂದು ಸವಲತ್ತಿತ್ತು. ಬದುಕಿರುವಾಗಲೇ ಆಸ್ತಿಯನ್ನು ಮಗನ ಹೆಸರಿಗೆ ಮಾಡಿ, ಆಮೇಲೆ ಐದು ವರ್ಷ ಜೀವದಿಂದಿದ್ದರೆ ಮರಣ ತೆರಿಗೆ ಬೀಳುತ್ತಿರಲಿಲ್ಲ. ಈ ಡ್ಯೂಕ್ 1946ರಲ್ಲೇ ಆ ಏರ್ಪಾಡು ಮಾಡಿಟ್ಟಿದ್ದರು. ಐದು ವರ್ಷ ತುಂಬಲು ಇನ್ನು ಕೆಲವೇ ತಿಂಗಳು ಬಾಕಿ. ಅಷ್ಟರಲ್ಲಿ ಹೋದರು. ತೆರಿಗೆಯ ದರ ಶೇಕಡಾ 80. ಲೆಕ್ಕ ಹಾಕಿದಾಗ ಸರ್ಕಾರಕ್ಕೆ ಕೊಡಬೇಕಾದದ್ದು ಹತ್ತಿರ ಹತ್ತಿರ 50 ಲಕ್ಷ ಪೌಂಡ್. ಕಟ್ಟುವವರೆಗೆ ದಿನಕ್ಕೆ ಸುಮಾರು ಸಾವಿರ ಪೌಂಡ್ ಬಡ್ಡಿ.

ಇಷ್ಟು ತೆರಿಗೆ ಬೀಳುವಷ್ಟು ಆಸ್ತಿ ಒಂದು ಮನೆತನದ ಬಳಿ ಸೇರಿದ್ದು ಹೇಗೆ, ನಾನೂರು ವರ್ಷ ಪಾಲಾಗದೆ ಉಳಿದದ್ದು ಹೇಗೆ, ಈ ಪೆಟ್ಟು ಬಿದ್ದ ಮೇಲೂ ಪೂರ್ತಿ ಕರಗದೆ ಇರುವುದು ಹೇಗೆ, ಇದೇ ಇವತ್ತಿನ ಮಾತು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ, ಒಪ್ಪದವರು ಕೊನೆಯಲ್ಲಿ ಜಗಳಕ್ಕೆ ಬನ್ನಿ. ಈ ಆಸ್ತಿಯ ಬಹುಪಾಲನ್ನು ತಂದವರು ಮನೆಗೆ ಬಂದ ಹೆಂಗಸರು. ಅದನ್ನು ಉಳಿಸಿದವರು ವಕೀಲರು. ಡ್ಯೂಕುಗಳ ಮುಖ್ಯ ಕೆಲಸ ಖರ್ಚು ಮಾಡುವುದಾಗಿತ್ತು, ಅದನ್ನು ಅವರು ಚೆನ್ನಾಗಿಯೇ ಮಾಡಿದರು.

ಮೊದಲ ಹೆಂಗಸಿನಿಂದ ಶುರು ಮಾಡೋಣ. ಎಲಿಜಬೆತ್ ಹಾರ್ಡ್‌ವಿಕ್. ಇತಿಹಾಸದಲ್ಲಿ ಅವಳ ಹೆಸರು ಹಾರ್ಡ್‌ವಿಕ್‌ನ ಬೆಸ್ ಎಂದೇ. ಇಂಗ್ಲೆಂಡಿನ ನಡುಭಾಗದ ಡರ್ಬಿಶೈರ್ ಗುಡ್ಡಗಾಡು ಸೀಮೆಯ, ಅಂಥ ಶ್ರೀಮಂತಿಕೆಯೇನೂ ಇಲ್ಲದ ಜಮೀನುದಾರರ ಮಗಳು. ಹುಟ್ಟಿದ್ದು 1527ರ ಸುಮಾರಿಗೆ, ಸತ್ತದ್ದು 1608ರಲ್ಲಿ. ನಡುವೆ ನಾಲ್ಕು ಮದುವೆ, ನಾಲ್ಕು ಸಲ ವೈಧವ್ಯ. ಮೊದಲ ಗಂಡ ಇನ್ನೂ ಹುಡುಗ, ಮದುವೆಯಾಗಿ ಸ್ವಲ್ಪ ಕಾಲದಲ್ಲೇ 1544ರಲ್ಲಿ ತೀರಿಕೊಂಡ. ಇಂಗ್ಲಿಷ್ ಕಾನೂನಿನ ಪ್ರಕಾರ ವಿಧವೆಗೆ ಗಂಡನ ಜಮೀನಿನ ಮೂರನೇ ಒಂದು ಪಾಲಿನ ಹುಟ್ಟುವಳಿ ಜೀವಾವಧಿ ಸಲ್ಲಬೇಕು. ಗಂಡನ ಕಡೆಯವರು ಕೊಡಲೊಪ್ಪಲಿಲ್ಲ. ಇನ್ನೂ ಇಪ್ಪತ್ತು ದಾಟದ ಹುಡುಗಿ ಕೋರ್ಟಿಗೆ ಹೋಗಿ ತನ್ನ ಪಾಲು ಪಡೆದಳು. ಅಲ್ಲಿ ಕಲಿತ ಪಾಠವನ್ನು ಬದುಕಿಡೀ ಮರೆಯಲಿಲ್ಲ.

1547ರಲ್ಲಿ ಎರಡನೆಯ ಮದುವೆ, ಸರ್ ವಿಲಿಯಂ ಕ್ಯಾವೆಂಡಿಶ್ ಜೊತೆ. ಈ ಮನುಷ್ಯನ ಕೆಲಸ ಏನೆಂದು ತಿಳಿದರೆ ಆಸ್ತಿಯ ಬೇರು ಕಾಣುತ್ತದೆ. ಎಂಟನೆಯ ಹೆನ್ರಿ ರೋಮಿನ ಪೋಪನನ್ನು ಧಿಕ್ಕರಿಸಿ ದೇಶದ ಕ್ರೈಸ್ತ ಮಠಗಳನ್ನೆಲ್ಲ ಮುಚ್ಚಿಸಿದನಲ್ಲ, ಆಗ ಮಠಗಳಿಗೆ ಹೋಗಿ ಜಮೀನು, ಚಿನ್ನ, ಬೆಳ್ಳಿ, ಗಂಟೆ, ಚಾವಣಿಯ ಸೀಸದ ತಗಡು ಎಲ್ಲ ಲೆಕ್ಕ ಹಾಕಿ ಪಟ್ಟಿ ಮಾಡಿ ರಾಜನ ವಶಕ್ಕೆ ಒಪ್ಪಿಸುವ ಅಧಿಕಾರಿಗಳು ಬೇಕಾಗಿದ್ದರು. ಕ್ಯಾವೆಂಡಿಶ್ ಅವರಲ್ಲೊಬ್ಬ. ಪಟ್ಟಿ ಮಾಡಿದವನ ಕೈಗೂ ಒಂದಿಷ್ಟು ಮಠದ ಜಮೀನು ಬಂತು. ಬೆಸ್ ಗಂಡನನ್ನು ಒಪ್ಪಿಸಿ, ದಕ್ಷಿಣದಲ್ಲಿದ್ದ ಆ ಜಮೀನನ್ನು ಬಿಟ್ಟು ತನ್ನ ತವರು ಸೀಮೆಯಲ್ಲಿ ಜಮೀನು ಮಾಡಿಸಿದಳು. ಹಾಗೆ 1549ರಲ್ಲಿ 600 ಪೌಂಡಿಗೆ ಕೊಂಡದ್ದು ಡರ್ವೆಂಟ್ ನದಿಯ ದಂಡೆಯ ಚಾಟ್ಸ್‌ವರ್ತ್. ಇವತ್ತು ಪ್ರವಾಸಿಗರು ಸಾಲುಗಟ್ಟಿ ನೋಡುವ ಅರಮನೆ ಇರುವುದು ಅದೇ ಜಾಗದಲ್ಲಿ. ಅಷ್ಟು ದೂರದ, ನೆರೆ ಬರುವ, ಹಿಂದೆಲ್ಲ ಬರೀ ಬೆಟ್ಟ ಇರುವ ಜಾಗವನ್ನು ಕೊಂಡಿದ್ದಕ್ಕೆ ತವರಿನ ಸೆಳೆತ ಬಿಟ್ಟು ಬೇರೆ ಕಾರಣ ನನಗೆ ತೋಚುವುದಿಲ್ಲ.

ಈ ಮದುವೆಯಲ್ಲಿ ಎಂಟು ಮಕ್ಕಳು, ಉಳಿದದ್ದು ಆರು. 1557ರಲ್ಲಿ ವಿಲಿಯಂ ಸತ್ತಾಗ ಅವನ ಸರ್ಕಾರಿ ಲೆಕ್ಕದಲ್ಲಿ 5,000 ಪೌಂಡಿಗೂ ಹೆಚ್ಚು ಕೊರತೆ ಬಂದಿತ್ತು. ತಿಂದಿದ್ದನೋ, ಬರೆಯುವುದರಲ್ಲಿ ಎಡವಿದ್ದನೋ, ಅಂತೂ ಸಾಲ ಬೆಸ್ ತಲೆಗೆ ಬಂತು. ಮೂರನೆಯ ಗಂಡ ಸೇಂಟ್ ಲೋ ರಾಣಿ ಎಲಿಜಬೆತ್‌ಳ ಅಂಗರಕ್ಷಕರ ನಾಯಕ. ಅವನು ತನ್ನ ಆಸ್ತಿಯನ್ನೆಲ್ಲ ಇವಳಿಗೇ ಬರೆದಿಟ್ಟು ಸತ್ತ. ನಾಲ್ಕನೆಯವನು ಷ್ರೂಸ್‌ಬರಿಯ ಅರ್ಲ್ (ಡ್ಯೂಕ್‌ಗಿಂತ ಕೆಳಗಿನ ಕುಲೀನ ಪದವಿ), ದೇಶದ ಭಾರೀ ಕುಳಗಳಲ್ಲಿ ಒಬ್ಬ. ಅವನೊಡನೆ ಮಾಡಿಕೊಂಡ ಕರಾರು ಕೇಳಿ: ಇವರಿಬ್ಬರ ಮದುವೆಯ ಜೊತೆಗೆ ಅವಳ ಮಗನಿಗೆ ಅವನ ಮಗಳು, ಅವನ ಮಗನಿಗೆ ಅವಳ ಮಗಳು. ಹುಡುಗಿಯರಿಗೆ ಹನ್ನೆರಡು ತುಂಬಿತ್ತೋ ಇಲ್ಲವೋ. 1568ರಲ್ಲಿ ಸಾಟಿ ಮದುವೆ ಮುಗಿಯಿತು. ಎರಡೂ ಕಡೆಯಿಂದ ಆಸ್ತಿ ಹೊರಗೆ ಹೋಗದಂತೆ ಬೇಲಿ ಹಾಕಿದ ಹಾಗಾಯಿತು.

ಈ ಅರ್ಲ್ ಮೇಲೆ ರಾಣಿ ಇನ್ನೊಂದು ಭಾರ ಹೇರಿದಳು. ಸ್ಕಾಟ್ಲೆಂಡಿನ ಪದಚ್ಯುತ ರಾಣಿ ಮೇರಿಯನ್ನು ಕಾವಲಿನಲ್ಲಿಡುವ ಹೊಣೆ. 1569ರಿಂದ ಹದಿನೈದು ವರ್ಷ. ಕೈದಿಯಾದರೂ ರಾಣಿ, ಪರಿವಾರ ದೊಡ್ಡದು, ಖರ್ಚಿಗೆ ಸರ್ಕಾರ ಕೊಡುತ್ತಿದ್ದದ್ದು ಸಾಲದು. ಮೇರಿ ಹಲವು ಸಲ ಚಾಟ್ಸ್‌ವರ್ತಿನಲ್ಲೂ ಇದ್ದಳು. ಮೊದಮೊದಲು ಬೆಸ್ ಮತ್ತು ಮೇರಿ ಜೊತೆಯಲ್ಲಿ ಕೂತು ಕಸೂತಿ ಹಾಕುತ್ತಿದ್ದರು. ಆ ಬಟ್ಟೆಗಳಲ್ಲಿ ಕೆಲವು ಇಂದಿಗೂ ಉಳಿದಿವೆ. ಕೊನೆಗೆ ದುಡ್ಡು, ಅನುಮಾನ, ಚಾಡಿ ಎಲ್ಲ ಸೇರಿ ಗಂಡ ಹೆಂಡತಿ ಬೇರೆಯಾದರು.

1590ರಲ್ಲಿ ಅರ್ಲ್ ಸತ್ತ. ಅರವತ್ತು ದಾಟಿದ ಬೆಸ್ ಈಗ ಇಂಗ್ಲೆಂಡಿನ ಅತಿ ಶ್ರೀಮಂತ ಹೆಂಗಸರಲ್ಲಿ ಒಬ್ಬಳು. ಹುಟ್ಟಿದ ಮನೆಯ ಪಕ್ಕದಲ್ಲೇ ಹೊಸ ಹಾರ್ಡ್‌ವಿಕ್ ಹಾಲ್ ಕಟ್ಟಿಸಿದಳು. ಕಲ್ಲು, ಸೀಸ, ಮರ ಎಲ್ಲ ತನ್ನದೇ ಜಮೀನಿನಿಂದ. ಗಾಜು ದುಬಾರಿ ವಸ್ತುವಾಗಿದ್ದ ಕಾಲದಲ್ಲಿ ಗೋಡೆಗಿಂತ ಕಿಟಕಿಯೇ ಹೆಚ್ಚು ಎಂದು ಜನ ಆಡಿಕೊಳ್ಳುವಷ್ಟು ಗಾಜು ಹಾಕಿಸಿದಳು. ಗೋಪುರಗಳ ತುದಿಯಲ್ಲಿ ಕಲ್ಲಿನಲ್ಲಿ ಆಳೆತ್ತರದ ತನ್ನ ಹೆಸರಿನ ಮೊದಲಕ್ಷರಗಳು. ವಿನಯ ಅವಳ ಗುಣಗಳಲ್ಲಿ ಒಂದಾಗಿರಲಿಲ್ಲ. ಆದರೆ ಲೆಕ್ಕದ ಪುಸ್ತಕಗಳನ್ನು ನೋಡಿ, ಪುಟ ಪುಟಕ್ಕೂ ತಾನೇ ಪರಿಶೀಲಿಸಿ ರುಜು ಹಾಕಿದ್ದಾಳೆ. ಆ ರುಜುವೇ ಮನೆತನದ ನಿಜವಾದ ಅಡಿಗಲ್ಲು ಎನ್ನುತ್ತೇನೆ ನಾನು.

ಹಿರಿ ಮಗ ಹೆನ್ರಿ ದುಂದುಗಾರ, ತಾಯಿಗೆ ಆಗದವನು. ಎರಡನೆಯ ಮಗ ವಿಲಿಯಂ ಅಮ್ಮನ ಹಾಗೆ ಲೆಕ್ಕದ ಮನುಷ್ಯ. ತಾಯಿ ಸತ್ತ ಮೇಲೆ ಚಾಟ್ಸ್‌ವರ್ತನ್ನು ಅಣ್ಣನಿಂದ ಕೊಂಡುಕೊಂಡ. 1618ರಲ್ಲಿ ಡೆವನ್‌ಶೈರಿನ ಅರ್ಲ್ ಆದ. ಅರ್ಲ್ ಪದವಿಗೆ ರಾಜ ಒಂದನೆಯ ಜೇಮ್ಸ್ ಆಗ ಬಹಿರಂಗವಾಗಿಯೇ ದುಡ್ಡು ತೆಗೆದುಕೊಳ್ಳುತ್ತಿದ್ದ. ಇವರ ಜಮೀನೆಲ್ಲ ಡರ್ಬಿಶೈರಿನಲ್ಲಿ, ಬಿರುದು ಮಾತ್ರ ದೂರದ ಡೆವನ್ ಹೆಸರಿನದು. ಆ ವೈಚಿತ್ರ್ಯ ಇವತ್ತಿನವರೆಗೂ ನಡೆದುಕೊಂಡು ಬಂದಿದೆ. ತತ್ತ್ವಜ್ಞಾನಿ ಥಾಮಸ್ ಹಾಬ್ಸ್ ಈ ಮನೆಯ ಮಕ್ಕಳಿಗೆ ಪಾಠ ಹೇಳುತ್ತ ಮುದುಕನಾಗಿ 1679ರಲ್ಲಿ ಹಾರ್ಡ್‌ವಿಕ್‌ನಲ್ಲೇ ತೀರಿಕೊಂಡ. ನಾಲ್ಕನೆಯ ಅರ್ಲ್, 1688ರಲ್ಲಿ ಹಾಲೆಂಡಿನ ವಿಲಿಯಂನನ್ನು, ಮುಂದೆ ಇಂಗ್ಲೆಂಡಿನ ರಾಜನಾದವನನ್ನು, ಕರೆಸಿದ ಏಳು ಜನರಲ್ಲಿ ಒಬ್ಬ. ಆ ಉಪಕಾರಕ್ಕೆ 1694ರಲ್ಲಿ ಡ್ಯೂಕ್ ಪದವಿ ಬಂತು. ಬೆಸ್ ಕಟ್ಟಿಸಿದ್ದ ಮನೆಯನ್ನು ಒಂದೊಂದು ಮಗ್ಗುಲಾಗಿ ಕೆಡವಿ ಈಗಿನ ಚಾಟ್ಸ್‌ವರ್ತ್ ಕಟ್ಟಿಸಿದವನು ಅವನೇ.

ಈಗ ವಕೀಲರ ವಿಷಯಕ್ಕೆ ಬರೋಣ. ಹಿರಿ ಮಗನಿಗೇ ಎಲ್ಲ ಆಸ್ತಿ ಎಂಬ ಪದ್ಧತಿ ಅಲ್ಲಿತ್ತು ಎಂದು ನಮಗೆ ಗೊತ್ತು. ಆದರೆ ಆ ಹಿರಿ ಮಗ ಜೂಜುಕೋರನಾದರೆ? ಮಾರಿ ತಿಂದರೆ? ಅದಕ್ಕೆ 17ನೇ ಶತಮಾನದ ನಡುವೆ ಇಂಗ್ಲಿಷ್ ವಕೀಲರು ಒಂದು ಬಿಗಿ ಕಟ್ಟುಪಾಡು ಕಂಡುಹಿಡಿದರು. ಮಗನ ಮದುವೆಯ ಹೊತ್ತಿಗೆ ಅಥವಾ ಅವನಿಗೆ 21 ತುಂಬಿದಾಗ ತಂದೆ ಮಗ ಕೂತು ಪತ್ರ ಮಾಡಬೇಕು. ಆ ಪತ್ರದ ಪ್ರಕಾರ ತಂದೆಗೂ ಮಗನಿಗೂ ಇರುವುದು ಜೀವಾವಧಿ ಅನುಭೋಗ ಮಾತ್ರ. ಆಸ್ತಿ ಸಲ್ಲಬೇಕಾದದ್ದು ಇನ್ನೂ ಹುಟ್ಟದ ಮೊಮ್ಮಗನಿಗೆ. ಹುಟ್ಟದವನ ಪರವಾಗಿ ಟ್ರಸ್ಟಿಗಳು ಕಾವಲು. ಅನುಭವಿಸುವವನು ಗೇಣಿ ವಸೂಲು ಮಾಡಬಹುದು, ಬೇಟೆಯಾಡಬಹುದು, ಮಾರುವಂತಿಲ್ಲ. ಮೊಮ್ಮಗ ಹುಟ್ಟಿ ದೊಡ್ಡವನಾದಾಗ? ಅಷ್ಟು ಹೊತ್ತಿಗೆ ಅವನಿಗೆ ಕೈಖರ್ಚಿಗೆ ದುಡ್ಡು ಬೇಕಿರುತ್ತದೆ. ಅಪ್ಪ ಕೊಡುತ್ತೇನೆ ಎನ್ನುತ್ತಾನೆ, ಈ ಹೊಸ ಪತ್ರಕ್ಕೆ ರುಜು ಹಾಕಿದರೆ. ಹೀಗೆ ಪ್ರತಿ ತಲೆಮಾರೂ ತನ್ನ ಕೈಯನ್ನು ತಾನೇ ಕಟ್ಟಿಸಿಕೊಳ್ಳುತ್ತಿತ್ತು. ಹೆಣ್ಣುಮಕ್ಕಳಿಗೆ, ಕಿರಿಯ ಮಕ್ಕಳಿಗೆ ಇಂತಿಷ್ಟು ಹಣ ಎಂದು ಪತ್ರದಲ್ಲೇ ನಮೂದು. ಜಮೀನು ಮಾತ್ರ ಒಂದೇ ತುಂಡು. ನೋಡಿ, ಡ್ಯೂಕ್ ಎಂದರೆ ಎಲ್ಲದರ ಒಡೆಯ ಎಂದು ನಾವು ತಿಳಿದಿರುತ್ತೇವೆ. ಕಾಗದದ ಮೇಲೆ ಅವನು ತನ್ನ ಮೊಮ್ಮಗನ ಒಕ್ಕಲು.

1748ರಲ್ಲಿ ಇನ್ನೊಂದು ಮದುವೆ. ಮುಂದೆ ನಾಲ್ಕನೆಯ ಡ್ಯೂಕ್ ಆಗಲಿದ್ದ ವಿಲಿಯಂ, ಶಾರ್ಲಟ್ ಬಾಯ್ಲ್ ಎಂಬ ಹುಡುಗಿಯನ್ನು ಕೈಹಿಡಿದ. ಬರ್ಲಿಂಗ್‌ಟನ್ ಅರ್ಲ್‌ನ ವಾರಸುದಾರಳು ಅವಳು. ಅವಳಿಂದ ಬಂದದ್ದು ಲಂಡನ್ನಿನ ಬರ್ಲಿಂಗ್‌ಟನ್ ಹೌಸ್, ಚಿಸಿಕ್ ಹೌಸ್, ಯಾರ್ಕ್‌ಶೈರಿನ ಬೋಲ್ಟನ್ ಆಬಿ ಮತ್ತು ಲಂಡ್ಸ್‌ಬರೋ ಎಸ್ಟೇಟು, ಐರ್ಲೆಂಡಿನ ಲಿಸ್ಮೋರ್ ಕೋಟೆ ಮತ್ತದರ ಸಾವಿರಾರು ಎಕರೆ. ಲಿಸ್ಮೋರ್ ಹಿಂದೆ ಸರ್ ವಾಲ್ಟರ್ ರಾಲಿಯ ಕೈಯಲ್ಲಿತ್ತು. ಐರಿಷ್ ದಂಗೆಯನ್ನು ಮುರಿದ ಮೇಲೆ ಮನ್ಸ್ಟರ್ ಪ್ರಾಂತದ ಭೂಮಿಯನ್ನು ಕಿತ್ತು ಇಂಗ್ಲಿಷರಿಗೆ ಹಂಚಿದಾಗ ಅವನಿಗೆ ಸಿಕ್ಕಿದ್ದು. 1602ರಲ್ಲಿ ಶಾರ್ಲಟ್‌ಳ ಪೂರ್ವಜ ರಿಚರ್ಡ್ ಬಾಯ್ಲ್ ಅದನ್ನು ಕೊಂಡ. ರಸಾಯನಶಾಸ್ತ್ರದ ಪಾಠದಲ್ಲಿ ಬರುವ ರಾಬರ್ಟ್ ಬಾಯ್ಲ್ ಹುಟ್ಟಿದ್ದು ಅದೇ ಕೋಟೆಯಲ್ಲಿ. ಹಾಗಾಗಿ ಆಸ್ತಿಯ ಎರಡು ದೊಡ್ಡ ಬೇರುಗಳಲ್ಲಿ ಒಂದು ಮಠಗಳಿಂದ ಕಸಿದದ್ದು, ಇನ್ನೊಂದು ಐರಿಷ್ ಜನರಿಂದ ಕಸಿದದ್ದು. ಶಾರ್ಲಟ್ ಇಷ್ಟನ್ನೂ ತಂದು, ನಾಲ್ಕು ಮಕ್ಕಳನ್ನು ಹೆತ್ತು, 1754ರಲ್ಲಿ ಇಪ್ಪತ್ತಮೂರರ ಹರೆಯದಲ್ಲಿ ಸಿಡುಬಿಗೆ ಬಲಿಯಾದಳು. ಗಂಡ 1756ರಲ್ಲಿ ಕೆಲವು ತಿಂಗಳ ಮಟ್ಟಿಗೆ ಪ್ರಧಾನಿಯಾದ.

ಅವರ ಮಗ ಐದನೆಯ ಡ್ಯೂಕ್. ಅವನ ಹೆಂಡತಿ ಜಾರ್ಜಿಯಾನಾಳ ರೂಪ, ರಾಜಕೀಯ, ಜೂಜಿನ ಸಾಲಗಳ ಬಗ್ಗೆ ಬೇಕಾದಷ್ಟು ಓದಲು ಸಿಗುತ್ತದೆ, ನಾನು ಮುಂದೆ ಹೋಗುತ್ತೇನೆ. ಅದೇ ಕಾಲದಲ್ಲಿ ಮನೆತನದ ಕಿರಿಯ ಕವಲಿನಲ್ಲೊಬ್ಬ ಇದ್ದ, ಎರಡನೆಯ ಡ್ಯೂಕನ ಮೊಮ್ಮಗ ಹೆನ್ರಿ ಕ್ಯಾವೆಂಡಿಶ್. ಜನರ ಮುಖ ನೋಡಲೂ ಹಿಂಜರಿಯುವ ಸಂಕೋಚದ ಮನುಷ್ಯ. ಜಲಜನಕವನ್ನು ಪ್ರತ್ಯೇಕ ಅನಿಲವೆಂದು 1766ರಲ್ಲಿ ತೋರಿಸಿದವನು, ಸೀಸದ ಗುಂಡುಗಳನ್ನು ತೂಗುಹಾಕಿ ಭೂಮಿಯ ಸಾಂದ್ರತೆಯನ್ನು ಅಳೆದವನು. ವಿದ್ಯುತ್ತಿನ ಬಗ್ಗೆ ಕಂಡುಕೊಂಡ ಎಷ್ಟೋ ಸಂಗತಿಗಳನ್ನು ಪ್ರಕಟಿಸಲೇ ಇಲ್ಲ. ಡ್ಯೂಕ್ ಪಟ್ಟ ಸಿಗದ ಕವಲಿನಲ್ಲಿ ಹುಟ್ಟಿದ್ದು ವಿಜ್ಞಾನಕ್ಕೆ ಒಳ್ಳೆಯದೇ ಆಯಿತು.

ಆರನೆಯ ಡ್ಯೂಕನಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ಇವನ ಮೂಲಕ ಕಥೆ ನಮ್ಮ ಊರಿನ ಹತ್ತಿರಕ್ಕೂ ಬರುತ್ತದೆ. 1811ರಲ್ಲಿ 21ನೇ ವಯಸ್ಸಿಗೆ ಪಟ್ಟಕ್ಕೆ ಬಂದ, ಮದುವೆಯಾಗಲಿಲ್ಲ, ಕೈಬಿಚ್ಚಿ ಖರ್ಚು ಮಾಡಿದ. 1826ರಲ್ಲಿ ಜೋಸೆಫ್ ಪ್ಯಾಕ್ಸ್‌ಟನ್ ಎಂಬ 22 ವರ್ಷದ ರೈತರ ಮಗನನ್ನು ಮುಖ್ಯ ತೋಟಗಾರನನ್ನಾಗಿ ಗೊತ್ತುಮಾಡಿದ. ಪ್ಯಾಕ್ಸ್‌ಟನ್ ಬಂದು ತಲುಪಿದ್ದು ಬೆಳಗಿನ ಜಾವ ನಾಲ್ಕೂವರೆಗೆ. ಗೇಟು ಹಾಕಿತ್ತು, ಹತ್ತಿ ಇಳಿದ. ತೋಟ ಸುತ್ತಿ, ಆಳುಗಳಿಗೆ ಕೆಲಸ ಹಚ್ಚಿ, ತಿಂಡಿಗೆ ಕೂತಾಗ ಮನೆವಾರ್ತೆಯವಳ ತಂಗಿಯ ಮಗಳನ್ನು ನೋಡಿ ಮನಸ್ಸು ಕೊಟ್ಟ. ಒಂಬತ್ತು ಗಂಟೆಯೊಳಗೆ ಇಷ್ಟೂ ಮುಗಿದಿತ್ತೆಂದು ಅವನೇ ಬರೆದುಕೊಂಡಿದ್ದಾನೆ.

1836ರಿಂದ 1840ರವರೆಗೆ ಅವನು ಚಾಟ್ಸ್‌ವರ್ತಿನಲ್ಲಿ ಒಂದು ಗಾಜಿನ ಮನೆ ಕಟ್ಟಿದ. ಉದ್ದ 277 ಅಡಿ, ಅಗಲ 123, ಎತ್ತರ 67. ಒಳಗೆ ಕುದುರೆ ಗಾಡಿ ಓಡುವಷ್ಟು ದಾರಿ. ನೆಲದಡಿ ಎಂಟು ಬಾಯ್ಲರು, ಅವಕ್ಕೆ ಕಲ್ಲಿದ್ದಲು ಒಯ್ಯಲು ಸುರಂಗದಲ್ಲಿ ಪುಟ್ಟ ರೈಲು. ಜಾನ್ ಗಿಬ್ಸನ್ ಎಂಬ ತೋಟಗಾರನನ್ನು 1835ರಲ್ಲಿ ಭಾರತಕ್ಕೇ ಅಟ್ಟಿದರು. ಅವನು ಖಾಸಿ ಬೆಟ್ಟಗಳಲ್ಲಿ ಅಲೆದು ಸೀತಾಳೆ ಜಾತಿಯ ಗಿಡಗಳನ್ನು ರಾಶಿ ರಾಶಿ ತಂದ. 1849ರಲ್ಲಿ ದಕ್ಷಿಣ ಅಮೆರಿಕದ ದೈತ್ಯ ನೈದಿಲೆಯನ್ನು ಬ್ರಿಟನ್ನಿನಲ್ಲಿ ಮೊದಲ ಸಲ ಅರಳಿಸಿದ್ದು ಪ್ಯಾಕ್ಸ್‌ಟನ್ನೇ. ತನ್ನ ಪುಟ್ಟ ಮಗಳನ್ನು ಅದರ ಎಲೆಯ ಮೇಲೆ ನಿಲ್ಲಿಸಿದ, ಎಲೆ ಮುಳುಗಲಿಲ್ಲ. ಎಲೆಯ ಅಡಿಯ ನರಗಳ ಹೆಣಿಗೆ ಅವನ ಕಟ್ಟಡದ ಯೋಚನೆಗೆ ಒದಗಿತು. 1851ರಲ್ಲಿ ಲಂಡನ್ನಿನ ಮಹಾ ಪ್ರದರ್ಶನಕ್ಕೆ ಅವನು ರೂಪಿಸಿದ, ಗಾಜು ಕಬ್ಬಿಣದ ಭಾರೀ ಕಟ್ಟಡವಾದ ಕ್ರಿಸ್ಟಲ್ ಪ್ಯಾಲೇಸಿನ ಮಾದರಿಯಲ್ಲಿ ಎದ್ದದ್ದೇ ನಮ್ಮ ಲಾಲ್‌ಬಾಗಿನ ಗಾಜಿನ ಮನೆ. ಅದರ ಅಡಿಗಲ್ಲು 1889ರದು.

ಇನ್ನೊಂದು ನಂಟು ಮಾರುಕಟ್ಟೆಯಲ್ಲಿದೆ. ಮಾರಿಷಸ್ ಕಡೆಯಿಂದ ಬಂದ ಒಂದು ಗಿಡ್ಡ ಬಾಳೆಯನ್ನು ಪ್ಯಾಕ್ಸ್‌ಟನ್ ಬೆಳೆಸಿದ. 1835ರ ನವೆಂಬರಿನಲ್ಲಿ ಅದು ಹೂವಿಟ್ಟಿತು. ಒಡೆಯನ ಗೌರವಕ್ಕೆ ಕ್ಯಾವೆಂಡಿಶ್ ಎಂದು ಹೆಸರಾಯಿತು. ಒಬ್ಬ ಪಾದ್ರಿಯ ಕೈಯಲ್ಲಿ ಅದು ಸಮೋವಾ ದ್ವೀಪಗಳಿಗೂ ಹೋಯಿತು. ನಮ್ಮ ಪಚ್ಚಬಾಳೆ, ರೈತರು ಈಗ ಹೆಚ್ಚಾಗಿ ನೆಡುವ ಜಿ-9, ಎರಡೂ ಈ ಕ್ಯಾವೆಂಡಿಶ್ ಗುಂಪಿನವೇ. ಗಿಡ ನಮಗೆ ಚಾಟ್ಸ್‌ವರ್ತಿನಿಂದ ಬಂತು ಎಂದು ನಾನು ಹೇಳುತ್ತಿಲ್ಲ, ಹೆಸರು ಅಲ್ಲಿಯದು. ಇಂಗ್ಲೆಂಡಿನ ಮಂಜಿನಲ್ಲಿ ಕಲ್ಲಿದ್ದಲು ಸುಟ್ಟು ಬಾಳೆ ಬೆಳೆದ ಮನೆತನದ ಹೆಸರು, ಬಾಳೆ ತಾನಾಗಿ ಬೆಳೆಯುವ ನಾಡಿನ ಹಣ್ಣಿಗೂ ಅಂಟಿಕೊಂಡಿದೆ.

ಈ ಡ್ಯೂಕ್ 1858ರಲ್ಲಿ ಸತ್ತಾಗ ಆಸ್ತಿಯ ಮೇಲೆ ಸುಮಾರು 10 ಲಕ್ಷ ಪೌಂಡ್ ಸಾಲ. ಏಳನೆಯವನು ಪೂರ್ತಿ ಬೇರೆ ಸ್ವಭಾವ, ಕೇಂಬ್ರಿಜ್‌ನಲ್ಲಿ ಗಣಿತದಲ್ಲಿ ಎರಡನೇ ಸ್ಥಾನ ಪಡೆದವನು. ಈಸ್ಟ್‌ಬೋರ್ನನ್ನು ಪ್ರವಾಸಿ ಪಟ್ಟಣವಾಗಿ ಬೆಳೆಸಿದ, ಬ್ಯಾರೋ ಬಂದರಿನಲ್ಲಿ ಉಕ್ಕು, ರೈಲು, ಹಡಗು ಎಂದು ಹಣ ಹೂಡಿದ. ಮೊದಲು ಬಂತು, ಆಮೇಲೆ ಹೋಯಿತು. ಅವನು ಕೊಟ್ಟ ಹಣದಲ್ಲಿ ಕೇಂಬ್ರಿಜ್‌ನಲ್ಲಿ 1874ರಲ್ಲಿ ಕ್ಯಾವೆಂಡಿಶ್ ಪ್ರಯೋಗಾಲಯ ಎದ್ದಿತು. ಎಲೆಕ್ಟ್ರಾನ್, ನ್ಯೂಟ್ರಾನ್ ಪತ್ತೆಯಾದದ್ದು ಅಲ್ಲೇ. ಅದರ ಮೊದಲ ಪ್ರಾಧ್ಯಾಪಕ ಮ್ಯಾಕ್ಸ್‌ವೆಲ್, ಸಂಕೋಚದ ಹೆನ್ರಿಯ ಅಪ್ರಕಟಿತ ಟಿಪ್ಪಣಿಗಳನ್ನು ಸಂಪಾದಿಸಿ ಬೆಳಕಿಗೆ ತಂದ. 1883ರ ಜಮೀನುದಾರರ ಪಟ್ಟಿಯಲ್ಲಿ ಈ ಡ್ಯೂಕನ ಹೆಸರಿಗೆ ಇದ್ದದ್ದು ಸುಮಾರು 1,98,000 ಎಕರೆ, ವರ್ಷದ ಹುಟ್ಟುವಳಿ ಸುಮಾರು 1,80,000 ಪೌಂಡ್.

ಅವನ ಮಗ, ಮುಂದೆ ಎಂಟನೆಯ ಡ್ಯೂಕ್ ಆದವನು, ಆಗ ಹಾರ್ಟಿಂಗ್‌ಟನ್ ಎಂದು ಕರೆಸಿಕೊಳ್ಳುತ್ತಿದ್ದವನು, 1880ರಿಂದ 1882ರವರೆಗೆ ಲಂಡನ್ನಿನಲ್ಲಿ ಭಾರತ ಮಂತ್ರಿ. 1881ರ ಮಾರ್ಚ್ 25ರಂದು ಮೈಸೂರು ಮತ್ತೆ ಒಡೆಯರ ಕೈಗೆ, ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ಬಂತಲ್ಲ, ಆಗ ಆ ಕುರ್ಚಿಯಲ್ಲಿದ್ದವನು ಇವನೇ. ನಿರ್ಧಾರ ಬಹಳ ಹಿಂದೆಯೇ ಆಗಿತ್ತು, ಅದರ ಶ್ರೇಯಸ್ಸು ಇವನಿಗೆ ಸಲ್ಲದು.

1894ರಲ್ಲಿ ಬ್ರಿಟಿಷ್ ಸರ್ಕಾರ ಮರಣ ತೆರಿಗೆಯನ್ನು ಹೊಸದಾಗಿ ಕಟ್ಟುನಿಟ್ಟು ಮಾಡಿತು. ಕೈಕಟ್ಟಿದ ಪತ್ರಗಳು ಮಗನ ದುಂದಿನಿಂದ ಕಾಯುತ್ತಿದ್ದವೇ ಹೊರತು ಸರ್ಕಾರದ ಕೈಯಿಂದಲ್ಲ. 1908ರಲ್ಲಿ ಎಂಟನೆಯ ಡ್ಯೂಕ್ ಸತ್ತಾಗ ಮೊದಲ ದೊಡ್ಡ ಬಿಲ್ಲು ಬಂತು, 5 ಲಕ್ಷ ಪೌಂಡಿಗೂ ಮೇಲೆ. ಇಂಗ್ಲೆಂಡಿನ ಮೊದಲ ಮುದ್ರಕ ಕ್ಯಾಕ್ಸ್‌ಟನ್ ಅಚ್ಚು ಹಾಕಿದ ಪುಸ್ತಕಗಳು, ಷೇಕ್ಸ್‌ಪಿಯರನ ಹಳೆಯ ಮುದ್ರಣಗಳು ಅಮೆರಿಕಕ್ಕೆ ಹೋದವು. ಲಂಡನ್ನಿನ ಪಿಕಡಿಲಿಯ ಡೆವನ್‌ಶೈರ್ ಹೌಸ್ ಮಾರಾಟವಾಗಿ ನೆಲಸಮವಾಯಿತು. 1929ರಲ್ಲಿ ಚಿಸಿಕ್ ಹೋಯಿತು. ಮೊದಲ ಮಹಾಯುದ್ಧದಲ್ಲಿ ಕಲ್ಲಿದ್ದಲಿಲ್ಲದೆ ಗಾಜಿನ ಮನೆಯ ಗಿಡಗಳೆಲ್ಲ ಚಳಿಗೆ ಸತ್ತಿದ್ದವು. 1920ರಲ್ಲಿ ಅದನ್ನು ಸಿಡಿಮದ್ದಿಟ್ಟು ಉರುಳಿಸಿದರು. ಒಂದೇ ಏಟಿಗೆ ಬೀಳಲಿಲ್ಲ, ಮತ್ತೆ ಮತ್ತೆ ಇಡಬೇಕಾಯಿತು. ಮದ್ದಿಟ್ಟವನು ಪ್ಯಾಕ್ಸ್‌ಟನ್ನನ ಮೊಮ್ಮಗ.

ಹತ್ತನೆಯ ಡ್ಯೂಕರ ಹಿರಿ ಮಗ ಬಿಲ್ಲಿ, ಜಾನ್ ಕೆನಡಿಯ ತಂಗಿ ಕ್ಯಾಥ್ಲೀನ್‌ಳನ್ನು 1944ರ ಮೇ ತಿಂಗಳಲ್ಲಿ ಮದುವೆಯಾಗಿ, ನಾಲ್ಕೇ ತಿಂಗಳಿಗೆ ಬೆಲ್ಜಿಯಂ ಯುದ್ಧದಲ್ಲಿ ಮಡಿದಿದ್ದ. ಹೀಗಾಗಿ 1950ರ ತೆರಿಗೆಯ ಹೊರೆ ಬಿದ್ದದ್ದು ಎರಡನೆಯ ಮಗ ಆಂಡ್ರೂ ಮತ್ತು ಅವರ ಹೆಂಡತಿ ಡೆಬೊರಾ ಮೇಲೆ. ಸ್ಕಾಟ್ಲೆಂಡಿನಲ್ಲಿದ್ದದ್ದೂ ಸೇರಿ ಹತ್ತಾರು ಸಾವಿರ ಎಕರೆ ಮಾರಿದರು. ಹೆಸರಾಂತ ಚಿತ್ರಕಾರರಾದ ಹೋಲ್ಬೈನ್, ರೂಬೆನ್ಸ್, ರೆಂಬ್ರಾಂಟರ ಕೃತಿಗಳು ಕೈಬಿಟ್ಟವು. ಬೆಸ್ ಕಟ್ಟಿಸಿದ ಹಾರ್ಡ್‌ವಿಕ್ ಹಾಲನ್ನೇ ತೆರಿಗೆಯ ಬದಲಿಗೆ ಸರ್ಕಾರಕ್ಕೆ ಒಪ್ಪಿಸಿದರು. ಅದು ಈಗ ಹಳೆಯ ಮನೆ, ಜಾಗಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯದು. ಬಾಕಿ ಇತ್ಯರ್ಥವಾಗಲು ಹದಿನೇಳು ವರ್ಷ ಹಿಡಿಯಿತು.

ಆಮೇಲೆ ಅವರು ಮಾಡಿದ ಕೆಲಸ ನನಗೆ ಬಹಳ ಕುತೂಹಲದ್ದು. 1981ರಲ್ಲಿ ಚಾಟ್ಸ್‌ವರ್ತ್ ಮನೆ, ತೋಟ, ಸುತ್ತಲಿನ ಪಾರ್ಕನ್ನು ಒಂದು ಧರ್ಮದತ್ತಿ ಟ್ರಸ್ಟಿಗೆ 99 ವರ್ಷದ ಗುತ್ತಿಗೆಗೆ ಕೊಟ್ಟರು. ಟ್ರಸ್ಟು ಕೊಡುವ ಬಾಡಿಗೆ ವರ್ಷಕ್ಕೆ ಒಂದು ಪೌಂಡ್. ಟ್ರಸ್ಟಿನ ಮೂಲಧನಕ್ಕೆ ಫ್ರೆಂಚ್ ಚಿತ್ರಕಾರ ಪೂಸಾನನ ಒಂದು ಚಿತ್ರ ಮಾರಿದರು. ಸಾಲಲಿಲ್ಲ. 1984ರಲ್ಲಿ ಹಳೆಯ ಕಲಾವಿದರ 71 ರೇಖಾಚಿತ್ರಗಳನ್ನು ಹರಾಜಿಗಿಟ್ಟರು, 2.1 ಕೋಟಿ ಪೌಂಡ್ ಬಂತು. ಡ್ಯೂಕ್ ಕುಟುಂಬ ತಾನಿರುವ ಕೋಣೆಗಳಿಗೆ ಟ್ರಸ್ಟಿಗೆ ಮಾರುಕಟ್ಟೆ ದರದ ಬಾಡಿಗೆ ಕಟ್ಟುತ್ತದೆ. ಹದಿನೇಳನೇ ಶತಮಾನದ ವಕೀಲರ ಯುಕ್ತಿಯೇ ಹೊಸ ವೇಷದಲ್ಲಿ ಬಂದಂತಾಯಿತು. ಮೊದಲು ಹುಟ್ಟದ ಮೊಮ್ಮಗನ ಹೆಸರಲ್ಲಿ ಕೈಕಟ್ಟು, ಈಗ ಟಿಕೆಟು ಕೊಂಡು ಬರುವ ಸಾರ್ವಜನಿಕರ ಹೆಸರಲ್ಲಿ. ಡೆಬೊರಾ 1977ರಲ್ಲೇ ಎಸ್ಟೇಟಿನ ಮಾಂಸ ಮಾರುವ ಅಂಗಡಿ ತೆರೆದಿದ್ದರು, ಲೆಕ್ಕವನ್ನೂ ಖುದ್ದಾಗಿ ನೋಡುತ್ತಿದ್ದರು. ಈ ಮನೆಗೆ ಒಳ್ಳೆಯ ಸೊಸೆಯರು ಸಿಗುವ ಭಾಗ್ಯ ಇದೆ.

ಮಾತು ಮುಗಿದ ಮೇಲೆ ಸಭೆಯಲ್ಲಿ ಒಬ್ಬರು ಕೇಳಿದರು: ನಮ್ಮಲ್ಲಿ ಉಳುವವನೇ ಹೊಲದೊಡೆಯ ಎಂದು ಕಾನೂನು ಬಂದು ಗೇಣಿದಾರರಿಗೆ ಭೂಮಿ ಸಿಕ್ಕಿತು, ಅಲ್ಲಿ ಹಾಗೇನೂ ಆಗಲಿಲ್ಲವೇ? ಇಂಗ್ಲೆಂಡಿನಲ್ಲಿ ಆಗಲಿಲ್ಲ. ಜಮೀನಿಗೆ ಮಿತಿ ಹಾಕುವ ಕಾನೂನೇ ಅಲ್ಲಿ ಬರಲಿಲ್ಲ, ಬಂದದ್ದು ತೆರಿಗೆ. ಡರ್ಬಿಶೈರಿನ ಒಕ್ಕಲುಗಳಲ್ಲಿ ಅನೇಕರು ಇಂದಿಗೂ ಇದೇ ಎಸ್ಟೇಟಿನ ಗೇಣಿದಾರರು. ಐರ್ಲೆಂಡಿನ ಮಾತು ಬೇರೆ. ಅಲ್ಲಿ ಒಕ್ಕಲುಗಳು ದಶಕಗಟ್ಟಲೆ ಹೋರಾಡಿದರು. ಈ ಮನೆತನದ ಲಾರ್ಡ್ ಫ್ರೆಡರಿಕ್ ಕ್ಯಾವೆಂಡಿಶ್ ಐರ್ಲೆಂಡಿನ ಮುಖ್ಯ ಕಾರ್ಯದರ್ಶಿಯಾಗಿ ಡಬ್ಲಿನ್ ತಲುಪಿದ ದಿನವೇ, 1882ರ ಮೇ 6ರಂದು, ಫೀನಿಕ್ಸ್ ಪಾರ್ಕಿನಲ್ಲಿ ಕೊಲೆಯಾದ. 1903ರ ವಿಂಡಮ್ ಕಾಯಿದೆ ಒಕ್ಕಲುಗಳಿಗೆ ಸರ್ಕಾರದಿಂದ ಸಾಲ ಕೊಡಿಸಿ ಜಮೀನುದಾರರಿಂದ ಭೂಮಿ ಕೊಡಿಸಿತು. ಲಿಸ್ಮೋರ್ ಸುತ್ತಲಿನ ಸಾವಿರಾರು ಎಕರೆ ಹೀಗೆ ಕೈದಾಟಿ ಉಳುವವರಿಗೆ ಹೋದವು. ಕೋಟೆ, ಅದರ ತೋಟ, ಬ್ಲ್ಯಾಕ್‌ವಾಟರ್ ನದಿಯಲ್ಲಿ ಮೀನು ಹಿಡಿಯುವ ಹಕ್ಕು ಮಾತ್ರ ಡ್ಯೂಕರ ಮನೆಯಲ್ಲೇ ಉಳಿದವು.